ಘಾಟಿ ಏರಿನಲ್ಲಿ ವಾಹನಗಳು ಸಾಲುಗಟ್ಟುತ್ತಿವೆಯೇ? ಹೆಚ್ಚುವರಿ ಲೇನ್ ಕೇಳುವ ಮೊದಲು ದೋಷ ಪತ್ತೆ ಮಾಡುವ ಬಗೆ

ಘಾಟಿ ರಸ್ತೆಯಲ್ಲಿ ಜಾಮ್ ಆದಾಗಲೆಲ್ಲ ಕೇಳಿಬರುವ ಬೇಡಿಕೆ ಒಂದೇ: ರಸ್ತೆ ಅಗಲ ಮಾಡಿ. ಹಾಗೆ ಅಗಲ ಮಾಡುವುದರಲ್ಲಿ ಏರುವ ದಿಕ್ಕಿಗೆ ಮಾತ್ರ ಇನ್ನೊಂದು ಲೇನ್ ಸೇರಿಸುವುದು ಒಂದು ಬಗೆ. ಲೋಡ್ ಹೊತ್ತ ಲಾರಿಗಳು ಎಡಕ್ಕೆ ಸರಿದು ತಮ್ಮ ಪಾಡಿಗೆ ಹತ್ತುತ್ತವೆ, ಕಾರು ಬಸ್ಸುಗಳು ಬಲದಿಂದ ಮುಂದೆ ಹೋಗುತ್ತವೆ. ಎಂಜಿನಿಯರುಗಳು ಕ್ಲೈಂಬಿಂಗ್ ಲೇನ್ ಎನ್ನುವ ಇದನ್ನು ಇಲ್ಲಿ ಏರು ಲೇನ್ ಎಂದು ಕರೆಯುತ್ತೇನೆ. ಇದು ಒಳ್ಳೆಯ ಮದ್ದೇ, ಆದರೆ ಒಂದೇ ಒಂದು ಕಾಯಿಲೆಗೆ. ಉದ್ದನೆಯ ಚಡಾವಿನಲ್ಲಿ ಭಾರದ ವಾಹನಕ್ಕೂ ಹಗುರ ವಾಹನಕ್ಕೂ ವೇಗದಲ್ಲಿ ಬೀಳುವ ಅಂತರವೇ ಆ ಕಾಯಿಲೆ. ಜಾಮ್‌ಗೆ ಬೇರೆ ಕಾರಣವಿದ್ದರೆ ಗುಡ್ಡ ಕಡಿದದ್ದು ವ್ಯರ್ಥ. ನಮ್ಮ ಪಶ್ಚಿಮ ಘಟ್ಟದಲ್ಲಿ ಗುಡ್ಡ ಕಡಿದರೆ ಮುಂದಿನ ಮಳೆಗಾಲಗಳಲ್ಲಿ ಬೆಲೆ ತೆರಬೇಕಾಗುತ್ತದೆ. ಅದಕ್ಕಾಗಿಯೇ ಮೊದಲು ಪತ್ತೆ, ಆಮೇಲೆ ಬೇಡಿಕೆ.

ಉದಾಹರಣೆಗಳನ್ನು ಹೆಚ್ಚಾಗಿ ಶಿರಾಡಿ ಘಾಟಿಯಿಂದ ಕೊಟ್ಟಿದ್ದೇನೆ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಗುಂಡ್ಯದಿಂದ ಸಕಲೇಶಪುರದ ಕಡೆಗೆ ಹತ್ತುವ ದಾರಿ ಇದು. ಬಂದರಿನಲ್ಲಿ ಲೋಡ್ ಆದ ಕಂಟೇನರು, ಟ್ಯಾಂಕರುಗಳು ಹತ್ತುವುದೂ ಇದೇ ದಿಕ್ಕಿನಲ್ಲಿ. ಎಕ್ಸ್‌ಪ್ರೆಸ್‌ವೇ ಮಾತು ಬಂದಲ್ಲಿ ಮುಂಬೈ–ಪುಣೆ ದಾರಿಯ ಖಂಡಾಲ ಘಾಟ್ ನೋಡೋಣ.

ಎಲ್ಲಕ್ಕಿಂತ ಮೊದಲು: ಸಾಲಿನ ತಲೆ ಎಲ್ಲಿದೆ?

ಜಾಮ್‌ನಲ್ಲಿ ಸಿಕ್ಕಿಕೊಂಡವರಿಗೆ ಕಾಣುವುದು ಸಾಲಿನ ಬಾಲ ಮಾತ್ರ. ದೋಷ ಇರುವುದು ತಲೆಯಲ್ಲಿ. ಆದ್ದರಿಂದ ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಆ ಮಾರ್ಗದಲ್ಲಿ ದಿನಾ ಓಡಾಡುವ ಸಾರಿಗೆ ಬಸ್ಸಿನ ಚಾಲಕರನ್ನು, ಹಾಲಿನ ವ್ಯಾನಿನವರನ್ನು, ಘಾಟಿಯ ಹೋಟೆಲಿನವರನ್ನು ಕೇಳಿ: ‘ಜಾಮ್ ಬಿಡಿಸಿಕೊಳ್ಳುವುದು ಯಾವ ಜಾಗದಲ್ಲಿ? ಎಲ್ಲಿಂದಾಚೆ ಗಾಡಿ ಸಲೀಸಾಗಿ ಓಡುತ್ತದೆ?’ ಆ ಜಾಗವೇ ಸಾಲಿನ ತಲೆ. ಫೋನಿನ ನಕ್ಷೆಯಲ್ಲಿ ಕೆಂಪು ಗೆರೆ ಯಾವ ಹೊತ್ತಿಗೆ ಎಲ್ಲಿ ಮುಗಿಯುತ್ತದೆ ಎಂದು ಒಂದು ವಾರ ಗುರುತು ಹಾಕಿಕೊಂಡರೂ ಸುಳಿವು ಸಿಗುತ್ತದೆ.

ಸ್ಥಳಕ್ಕೇ ಹೋಗಿ ನೋಡುವುದಾದರೆ ಎಚ್ಚರಿಕೆ ಮುಖ್ಯ. ಒಬ್ಬರೇ ಹೋಗಬೇಡಿ. ಬೆಳಕಿಗೆ ಹೊಳೆಯುವ ಜಾಕೆಟ್ ಹಾಕಿಕೊಳ್ಳಿ. ತಿರುವಿನಲ್ಲಿ ಕಾರು ನಿಲ್ಲಿಸಬೇಡಿ. ಕಣಿವೆ ಬದಿಯ ಮಣ್ಣಿನ ಅಂಚಿನ ಮೇಲೆ ನಿಲ್ಲಬೇಡಿ. ಏರಿನಲ್ಲಿ ನಿಂತ ಲೋಡ್ ಲಾರಿಯ ಹಿಂದೆ ಒಂದು ಕ್ಷಣವೂ ನಿಲ್ಲಬಾರದು, ಗೇರ್ ಹಾಕುವ ಗಳಿಗೆಯಲ್ಲಿ ಅದು ಹಿಂದಕ್ಕೆ ಜಾರುತ್ತದೆ. ರಾತ್ರಿ ಮತ್ತು ಜೋರು ಮಳೆಯ ಹೊತ್ತಿನಲ್ಲಿ ಎಣಿಕೆಯ ಕೆಲಸವೇ ಬೇಡ.

ಲಕ್ಷಣ: ಏರು ಶುರುವಾಗುವ ಮೊದಲೇ ಸಾಲು ನಿಂತಿರುತ್ತದೆ, ಏರಿನಲ್ಲಿ ಗಾಡಿಗಳು ಬಿಡಿಬಿಡಿಯಾಗಿ ಹೋಗುತ್ತವೆ

ಇದು ಏರಿನ ದೋಷವಲ್ಲ. ಬುಡದಲ್ಲಿ ಏನೋ ಗಾಡಿಗಳನ್ನು ತಡೆದು ಒಂದೊಂದಾಗಿ ಬಿಡುತ್ತಿದೆ ಎಂದರ್ಥ. ಚೆಕ್‌ಪೋಸ್ಟ್, ಟೋಲ್, ದೇವಸ್ಥಾನದ ಕಡೆಗೆ ಬಲಕ್ಕೆ ತಿರುಗುವ ಅಡ್ಡರಸ್ತೆ, ಎರಡೂ ಬದಿ ಲಾರಿ ನಿಲ್ಲಿಸಿ ಊಟಕ್ಕೆ ಹೋಗುವ ಡಾಬಾ ಸಾಲು, ಹೆಸರೇ ಇಲ್ಲದ ಹಂಪ್: ಇವುಗಳಲ್ಲಿ ಯಾವುದು ಎಂದು ಅರ್ಧ ಗಂಟೆ ನೋಡಿದರೆ ತಿಳಿಯುತ್ತದೆ. ಪರಿಹಾರವೂ ಅಗ್ಗ. ಲಾರಿ ನಿಲ್ದಾಣಕ್ಕೆ ಬೇರೆ ಜಾಗ, ಬಲತಿರುವಿಗೆ ಕಾಯುವ ಜಾಗ, ಹಂಪ್ ತೆಗೆಸುವುದು. ಏರು ಲೇನ್‌ನ ಕಡತ ಇಲ್ಲಿಗೇ ಮುಚ್ಚಿ.

ಲಕ್ಷಣ: ಬೇಸಿಗೆಯಲ್ಲಿ ತೊಂದರೆಯಿಲ್ಲ, ಮಳೆಗಾಲದಲ್ಲಿ ಮಾತ್ರ ಜಾಮ್

ಅದೇ ಏರು, ಅವೇ ಲಾರಿಗಳು. ಮಳೆಯಲ್ಲಿ ಮಾತ್ರ ಕೆಡುತ್ತದೆ ಎಂದರೆ ದೋಷ ರಸ್ತೆಯ ಮೇಲ್ಮೈಯಲ್ಲಿದೆ ಅಥವಾ ಚರಂಡಿಯಲ್ಲಿದೆ. ಗುಂಡಿ ಕಂಡ ಲಾರಿ ಮೊದಲನೇ ಗೇರಿಗೆ ಇಳಿಯುತ್ತದೆ, ಮತ್ತೆ ವೇಗ ಹಿಡಿಯಲು ಏರು ಬಿಡುವುದಿಲ್ಲ. ಒಂದೇ ಒಂದು ಕೆಟ್ಟ ತಿರುವು ಕಿಲೋಮೀಟರುಗಟ್ಟಲೆ ಸಾಲು ಬೆಳೆಸುತ್ತದೆ.

ಶಿರಾಡಿ ಇದಕ್ಕೆ ದೊಡ್ಡ ಸಾಕ್ಷಿ. ವರ್ಷವರ್ಷವೂ ಮಳೆಗೆ ಡಾಂಬರು ಕಿತ್ತುಹೋಗಿ ಗಾಡಿಗಳು ಹೂತುಕೊಳ್ಳುತ್ತಿದ್ದ ದಾರಿಯನ್ನು 2015ರಲ್ಲಿ ಒಂದು ಹಂತ, 2018ರಲ್ಲಿ ಇನ್ನೊಂದು ಹಂತ, ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ ಕಾಂಕ್ರೀಟ್ ಮಾಡಿದರು. ಹೊಸ ಲೇನ್ ಸೇರಿಸಲಿಲ್ಲ, ಏರು ತಗ್ಗಿಸಲಿಲ್ಲ. ಆದರೂ ಗುಂಡಿಗಳಿಂದ ಆಗುತ್ತಿದ್ದ ಜಾಮ್ ಇಳಿಯಿತು. ರಸ್ತೆ ಅಗಲಿಸದೆಯೂ ಘಾಟಿಯ ಸ್ಥಿತಿ ಬದಲಾಗುತ್ತದೆ ಎನ್ನುವುದಕ್ಕೆ ನಾನು ಮತ್ತೆ ಮತ್ತೆ ತೋರಿಸುವ ಉದಾಹರಣೆ ಇದು.

ಪರೀಕ್ಷೆ ಸುಲಭ. ಮಳೆ ನಿಂತ ಹತ್ತು ನಿಮಿಷದ ಮೇಲೂ ನೀರು ರಸ್ತೆಯ ಮೇಲೆಯೇ ಹರಿಯುತ್ತಿದೆಯೇ? ಗುಡ್ಡದ ಬದಿಯ ಚರಂಡಿಯಲ್ಲಿ ಮಣ್ಣು ತುಂಬಿದೆಯೇ? ಮೋರಿಯ ಬಾಯಿ ಕಟ್ಟಿದೆಯೇ? ಇವಕ್ಕೆ ಬೇಕಿರುವುದು ಏಪ್ರಿಲ್–ಮೇ ತಿಂಗಳಲ್ಲಿ ಚರಂಡಿ ಹೂಳೆತ್ತುವ ಗುತ್ತಿಗೆ, ಅಷ್ಟೇ.

ಲಕ್ಷಣ: ಸಾಲು ತೆವಳುವುದಿಲ್ಲ, ಪೂರ್ತಿ ನಿಂತೇಬಿಡುತ್ತದೆ, ಗಂಟೆಗಟ್ಟಲೆ

ನಿಧಾನ ಬೇರೆ, ನಿಲುಗಡೆ ಬೇರೆ. ಪೂರ್ತಿ ನಿಂತರೆ ತಲೆಯಲ್ಲಿ ಕೆಟ್ಟು ನಿಂತ ಗಾಡಿ ಇದೆ ಎಂದು ಊಹಿಸಿ: ಕ್ಲಚ್ ಪ್ಲೇಟ್ ಸುಟ್ಟದ್ದು, ಎಕ್ಸೆಲ್ ತುಂಡಾದದ್ದು, ರೇಡಿಯೇಟರ್ ಕುದಿದದ್ದು. ಹಿಂದಿನವರು ಓವರ್‌ಟೇಕ್ ಮಾಡಲು ಬಲಕ್ಕೆ ನುಗ್ಗುತ್ತಾರೆ, ಎದುರಿನಿಂದ ಇಳಿಯುವವರೂ ಅಲ್ಲೇ ಬಂದು ನಿಲ್ಲುತ್ತಾರೆ, ಎರಡು ಸಾಲು ಮುಖಾಮುಖಿ. ಕ್ರೇನ್ ಬರಲೂ ದಾರಿಯಿಲ್ಲ. ಕಿರಿದಾದ ಏರಿನಲ್ಲಿ ಹತ್ತುವ ವಾಹನಕ್ಕೇ ಮೊದಲ ಹಕ್ಕು ಎಂದು ನಮ್ಮ ರಸ್ತೆ ನಿಯಮ ಹೇಳುತ್ತದೆ, ಆದರೆ ನಿಂತ ಸಾಲಿನಲ್ಲಿ ಅದನ್ನು ನೆನೆಯುವವರು ಸಿಗುವುದಿಲ್ಲ.

ಇಲ್ಲಿ ಏರು ಲೇನ್ ಸ್ವಲ್ಪ ಸಹಾಯ ಮಾಡುತ್ತದೆ ನಿಜ, ಕೆಟ್ಟ ಗಾಡಿಯನ್ನು ಬಳಸಿಕೊಂಡು ಹೋಗಲು ಜಾಗ ಸಿಗುತ್ತದೆ. ಆದರೆ ಅದಕ್ಕಿಂತ ಎಷ್ಟೋ ಅಗ್ಗದಲ್ಲಿ ಆಗುವ ಕೆಲಸವಿದೆ. ಘಾಟಿಯ ಎರಡೂ ತುದಿಯಲ್ಲಿ ದೊಡ್ಡ ಕ್ರೇನ್ ಇರಲಿ. ಗುಡ್ಡ ಕಡಿಯದೆ ಸಿಗುವ ಅಗಲದ ಜಾಗಗಳಲ್ಲಿ ಲಾರಿ ಎಳೆದು ನಿಲ್ಲಿಸುವ ತಂಗುಪಟ್ಟಿ ಇರಲಿ. ಏರು ಶುರುವಾಗುವ ಮೊದಲು ರೇಡಿಯೇಟರಿಗೆ ನೀರು ಹಾಕಿಕೊಳ್ಳುವ ಜಾಗ ಇರಲಿ. ನಿಂತ ಸ್ಥಳಗಳನ್ನು ಒಂದು ತಿಂಗಳು ಕಿಲೋಮೀಟರ್ ಕಲ್ಲಿನ ಲೆಕ್ಕದಲ್ಲಿ ಬರೆದಿಡಿ. ಒಂದೇ ಜಾಗ ಮತ್ತೆ ಮತ್ತೆ ಬಂದರೆ ತಂಗುಪಟ್ಟಿ ಎಲ್ಲಿ ಬೇಕೆಂದು ಅದೇ ಹೇಳುತ್ತದೆ.

ಒಂದು ಅಪಾಯವನ್ನು ಇಲ್ಲಿ ಹೇಳಲೇಬೇಕು. ಕೆಟ್ಟ ಲಾರಿಯ ಚಕ್ರಕ್ಕೆ ಒಡ್ಡಿದ ಕಲ್ಲುಗಳನ್ನು ಹಾಗೇ ಬಿಟ್ಟು ಹೋಗುವವರಿದ್ದಾರೆ. ರಾತ್ರಿ ಬರುವ ಬೈಕ್ ಸವಾರನಿಗೆ ಆ ಕಲ್ಲು ಮೃತ್ಯು. ಕಂಡರೆ ಸುರಕ್ಷಿತವಾಗಿದ್ದಾಗ ಬದಿಗೆ ಸರಿಸಿ. ಆಗದಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ತಿಳಿಸಿ.

ಲಕ್ಷಣ: ನೇರ ಏರಿನಲ್ಲಿ ಸಲೀಸು, ಒಂದು ತಿರುವಿನಲ್ಲಿ ಮಾತ್ರ ಸಿಕ್ಕು

ಉದ್ದನೆಯ ಟ್ರೇಲರ್ ಹೇರ್‌ಪಿನ್ ತಿರುವಿನಲ್ಲಿ ತಿರುಗುವಾಗ ಹಿಂದಿನ ಚಕ್ರಗಳು ಒಳಕ್ಕೆ ಕತ್ತರಿಸಿಕೊಂಡು ಬರುತ್ತವೆ. ಅದಕ್ಕೆ ಚಾಲಕ ಮುಂಭಾಗವನ್ನು ಎದುರಿನ ಲೇನ್‌ಗೆ ಚಾಚಲೇಬೇಕು. ಆ ಹೊತ್ತಿಗೆ ಇಳಿಯುವ ಬಸ್ಸು ಬಂದರೆ ಇಬ್ಬರೂ ಹಿಂದಕ್ಕೆ ಮುಂದಕ್ಕೆ.

ಭಾರತೀಯ ರಸ್ತೆ ಕಾಂಗ್ರೆಸ್‌ನ ಬೆಟ್ಟದ ರಸ್ತೆಗಳ ಮಾನದಂಡ ಹೇರ್‌ಪಿನ್‌ಗೆ ಒಳಬದಿಯ ತ್ರಿಜ್ಯ ಕನಿಷ್ಠ 14 ಮೀಟರ್ ಕೇಳುತ್ತದೆ. ಎರಡು ಲೇನ್‌ನ ರಾಷ್ಟ್ರೀಯ ಹೆದ್ದಾರಿಯಾದರೆ ತಿರುವು ಅತಿ ಹೆಚ್ಚು ಬಾಗುವ ನಡುಭಾಗದಲ್ಲಿ 11.5 ಮೀಟರ್ ಅಗಲ ಇರಬೇಕು. ತಿರುವಿನೊಳಗಿನ ಏರು 40ಕ್ಕೆ 1, ಅಂದರೆ ಶೇ. 2.5 ಮೀರಬಾರದು. ಟೇಪು ಹಿಡಿದು ಅಗಲ ಅಳೆಯುವುದು ಗಸ್ತು ಸಿಬ್ಬಂದಿ ಜೊತೆಗಿದ್ದಾಗ ಮಾತ್ರ. ಅಳತೆ ಕಡಿಮೆ ಬಂದರೆ ಸರಿಪಡಿಸಬೇಕಾದ್ದು ಆ ಒಂದು ತಿರುವನ್ನು. ಹದಿನಾಲ್ಕು ಹೇರ್‌ಪಿನ್‌ಗಳ ಆಗುಂಬೆಯಲ್ಲಿ ದೋಷ ಈ ಜಾತಿಯದು. ಅಲ್ಲಿ ಏರು ಲೇನ್ ಕೇಳುವುದರಲ್ಲಿ ಅರ್ಥವಿಲ್ಲ, ಭಾರದ ವಾಹನಗಳನ್ನು ಬೇರೆ ಘಾಟಿಗೆ ತಿರುಗಿಸುವುದೇ ಸರಿ.

ಲಕ್ಷಣ: ಏರುವ ದಿಕ್ಕಿಗೆ ಈಗಾಗಲೇ ಎರಡು ಮೂರು ಲೇನ್ ಇದೆ, ಆದರೂ ಎಲ್ಲ ಲೇನ್‌ಗಳೂ ಕಟ್ಟಿಕೊಳ್ಳುತ್ತವೆ

ಇದನ್ನು ಸ್ವಲ್ಪ ನಿಂತು ನೋಡಬೇಕು. ಎಕ್ಸ್‌ಪ್ರೆಸ್‌ವೇಗಳ ನಿಜವಾದ ತಲೆನೋವು ಇದೇ.

ಒಂದು ಲೆಕ್ಕ. ಗಂಟೆಗೆ 18 ಕಿ.ಮೀ.ಯಲ್ಲಿ ಹತ್ತುವ ಲಾರಿಯನ್ನು 22 ಕಿ.ಮೀ.ಯ ಇನ್ನೊಂದು ಲಾರಿ ಹಿಂದೆ ಹಾಕಲು ಹೊರಡುತ್ತದೆ. ಎರಡರ ಉದ್ದ, ಹಿಂದೆ ಮುಂದೆ ಬಿಡುವ ಅಂತರ ಎಲ್ಲ ಸೇರಿ 50 ಮೀಟರ್ ಹೆಚ್ಚು ಕ್ರಮಿಸಬೇಕು. ವ್ಯತ್ಯಾಸ ಗಂಟೆಗೆ 4 ಕಿ.ಮೀ. ಮಾತ್ರ, ಆದ್ದರಿಂದ 45 ಸೆಕೆಂಡು ಬೇಕು. ಅಷ್ಟರಲ್ಲಿ ಅದು 275 ಮೀಟರ್ ದೂರ ಬಲ ಲೇನನ್ನು ಮುಚ್ಚಿಕೊಂಡೇ ಹೋಗಿರುತ್ತದೆ. ಹಿಂದಿನ ಕಾರುಗಳೆಲ್ಲ 22 ಕಿ.ಮೀ.ಗೆ ಇಳಿಯುತ್ತವೆ. ಮೂರನೇ ಲಾರಿಯೂ ಹೀಗೇ ಹೊರಟರೆ ಮೂರನೇ ಲೇನೂ ಮುಗಿಯಿತು.

ಇಲ್ಲಿ ಇನ್ನೊಂದು ಲೇನ್ ಕೊಟ್ಟರೆ ಅದಕ್ಕೂ ಲಾರಿ ಬರುತ್ತದೆ. ಬೇಕಿರುವುದು ಲೇನ್ ಶಿಸ್ತು: ಏರು ಶುರುವಾಗುವ ಬಹಳ ಮುಂಚೆಯೇ ‘ಭಾರಿ ವಾಹನ ಎಡ ಲೇನ್‌ನಲ್ಲಿ’ ಎಂಬ ಫಲಕ, ಕ್ಯಾಮೆರಾ, ದಂಡ. ಪರೀಕ್ಷಿಸುವ ಬಗೆ: ಹತ್ತು ನಿಮಿಷದಲ್ಲಿ ಬಲ ತುದಿಯ ಲೇನ್‌ನಲ್ಲಿ ಎಷ್ಟು ಲಾರಿ ಹೋದವು ಎಂದು ಮೇಲ್ಸೇತುವೆಯ ಮೇಲಿಂದ ಎಣಿಸಿ. ಕೆಲವೇ ಲಾರಿಗಳಿದ್ದರೂ ಇಡೀ ಏರು ಕೆಡಲು ಸಾಕು.

ವಾರಾಂತ್ಯದಲ್ಲಿ, ಹಬ್ಬದ ರಜೆಯಲ್ಲಿ ಮಾತ್ರ ಕಟ್ಟಿಕೊಂಡರೆ ಆಗ ತಪ್ಪು ಲಾರಿಯದಲ್ಲ, ಕಾರುಗಳ ಸಂಖ್ಯೆಯದು. ಖಂಡಾಲ ಘಾಟ್‌ನಲ್ಲಿ ಇನ್ನೂ ಒಂದು ತೊಡಕಿತ್ತು: ಖೋಪೋಲಿಯಿಂದ ಖಂಡಾಲದವರೆಗೆ ಎಕ್ಸ್‌ಪ್ರೆಸ್‌ವೇ ಮತ್ತು ಹಳೆಯ ಮುಂಬೈ–ಪುಣೆ ಹೆದ್ದಾರಿ ಎರಡರ ವಾಹನಗಳೂ ಒಂದೇ ರಸ್ತೆಯಲ್ಲಿ ಹತ್ತಬೇಕಿತ್ತು. ಎರಡು ಹೆದ್ದಾರಿಯ ಹೊಳೆ ಒಂದು ಏರಿಗೆ ಬಿದ್ದಾಗ ಬದಿಗೊಂದು ಲೇನ್ ಅಂಟಿಸಿ ಫಲವಿಲ್ಲ. ಅಲ್ಲಿಗೆ ಯೋಜಿಸಿದ್ದು ಏರು ಲೇನ್ ಅಲ್ಲ, ಘಾಟನ್ನೇ ತಪ್ಪಿಸುವ, ಎರಡು ಸುರಂಗ ಮತ್ತು ಎತ್ತರದ ಸೇತುವೆಗಳ 13.3 ಕಿ.ಮೀ.ಯ ಹೊಸ ದಾರಿ. ಇದರಿಂದ ದೂರ ಸುಮಾರು 6 ಕಿ.ಮೀ. ಕಡಿಮೆಯಾಗುತ್ತದೆ.

ಲಕ್ಷಣ: ಒಂದು ಲಾರಿಯ ಹಿಂದೆ ಹತ್ತಾರು ವಾಹನ ತೆವಳುತ್ತವೆ, ಏರು ಮುಗಿದ ಕೂಡಲೇ ಸಾಲು ಕರಗುತ್ತದೆ

ಇದು ಏರು ಲೇನ್ ಬೇಡುವ ನಿಜವಾದ ಲಕ್ಷಣ. ವಾರದ ಎಲ್ಲ ದಿನ, ಒಣ ರಸ್ತೆಯಲ್ಲೂ, ಗಾಡಿ ಕೆಡದೆಯೂ ಹೀಗಾಗುತ್ತಿದ್ದರೆ ಮುಂದಿನ ಅಳತೆಗಳಿಗೆ ಇಳಿಯಿರಿ.

ಏಕೆ ಹೀಗಾಗುತ್ತದೆ? 2018ರ ತಿದ್ದುಪಡಿಯ ನಂತರ ಹತ್ತು ಚಕ್ರದ ಲಾರಿ ಕಾನೂನು ಪ್ರಕಾರವೇ 28.5 ಟನ್ ತೂಗಬಹುದು. ಎಂಜಿನ್ 180 ಅಶ್ವಶಕ್ತಿಯದು ಎಂದಿಟ್ಟುಕೊಳ್ಳಿ. ಶೇ. 5ರ ಏರಿನಲ್ಲಿ ಅಷ್ಟು ಭಾರವನ್ನು ಎತ್ತಿಕೊಂಡು ಹೋಗುವಾಗ ಆ ಎಂಜಿನ್ ಕೊಡಬಲ್ಲ ವೇಗ ಗಂಟೆಗೆ ಸುಮಾರು 25 ಕಿ.ಮೀ. ಏರು ಶೇ. 7 ಆದರೆ ಸುಮಾರು 18. ಚಾಲಕ ಎಷ್ಟು ಕುಶಲಿಯಾದರೂ ಇದಕ್ಕಿಂತ ಹೆಚ್ಚು ಬರುವುದಿಲ್ಲ, ಹಾರ್ನ್ ಹೊಡೆದರೂ ಬರುವುದಿಲ್ಲ. ಓವರ್‌ಲೋಡ್ ಇದ್ದರೆ ಇನ್ನೂ ಕಡಿಮೆ. ಅದೇ ಘಟ್ಟವನ್ನು ಹತ್ತುವ ಸುಬ್ರಹ್ಮಣ್ಯ ರೋಡ್–ಸಕಲೇಶಪುರ ರೈಲು ಮಾರ್ಗದ ಏರು 50ಕ್ಕೆ 1, ಅಂದರೆ ಶೇ. 2 ಮಾತ್ರ. ಆದರೂ ಅಲ್ಲಿ ಭಾರದ ರೈಲಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಲಾರಿಗೆ ಆ ಭಾಗ್ಯವಿಲ್ಲ.

ಅಳತೆ ಒಂದು, ಏರು ಎಷ್ಟು? ಗಾರೆ ಕೆಲಸದವರು ಬಳಸುವ ನೀರಿನ ಮಟ್ಟದ ಪೈಪು ಸಾಕು. ರಸ್ತೆಯ ಬದಿಯಲ್ಲಿ 10 ಮೀಟರ್ ಅಂತರಕ್ಕೆ 50 ಸೆಂ.ಮೀ. ಎತ್ತರ ಸಿಕ್ಕರೆ ಶೇ. 5. ಮೂರು ನಾಲ್ಕು ಕಡೆ ಅಳೆಯಿರಿ. ಬೆಟ್ಟದ ರಸ್ತೆಗೆ ನಮ್ಮ ಮಾನದಂಡ ಸಾಮಾನ್ಯವಾಗಿ ಶೇ. 5, ಕಷ್ಟದ ಕಡೆ ಶೇ. 6, ಅನಿವಾರ್ಯವಾದಲ್ಲಿ ಮಾತ್ರ ಶೇ. 7 ಎನ್ನುತ್ತದೆ. ಕಡಿದಾದ ಭೂಭಾಗಕ್ಕೆ ಇವೇ ಶೇ. 6, 7, 8 ಆಗುತ್ತವೆ.

ಅಳತೆ ಎರಡು, ವೇಗ ಎಷ್ಟು ಬೀಳುತ್ತದೆ? ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲು ಇರುತ್ತದೆ. ಲಾರಿ ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಸೆಕೆಂಡಿನಲ್ಲಿ ಬಂತೆಂದು ನೋಡಿ 720ನ್ನು ಅದರಿಂದ ಭಾಗಿಸಿ. 36 ಸೆಕೆಂಡ್ ಎಂದರೆ ಗಂಟೆಗೆ 20 ಕಿ.ಮೀ., 18 ಸೆಕೆಂಡ್ ಎಂದರೆ 40. ಬುಡದಲ್ಲೊಮ್ಮೆ, ನಡುವೆ ಒಮ್ಮೆ, ನೆತ್ತಿಯ ಹತ್ತಿರ ಒಮ್ಮೆ ನೋಡಿ.

ಅಳತೆ ಮೂರು, ಎಷ್ಟು ವಾಹನ? ಒತ್ತಡದ ಒಂದು ಗಂಟೆಯನ್ನು ಕಾಲು ಗಂಟೆಯ ನಾಲ್ಕು ಭಾಗ ಮಾಡಿ ಏರುವ ವಾಹನಗಳನ್ನೂ ಅದರಲ್ಲಿ ಲಾರಿ, ಟ್ಯಾಂಕರ್, ಟ್ರೇಲರ್‌ಗಳನ್ನೂ ಬೇರೆ ಬೇರೆ ಎಣಿಸಿ.

ಈಗ ತೀರ್ಮಾನ. ದಿಕ್ಕಿಗೊಂದೇ ಲೇನ್ ಇರುವ ರಸ್ತೆಗೆ ಅಮೆರಿಕದ ಹೆದ್ದಾರಿ ಅಧಿಕಾರಿಗಳ ಒಕ್ಕೂಟವಾದ ಆಶ್ಟೊ ಕೊಡುವ ಅಳತೆಗೋಲು ಸರಳವಾಗಿದೆ: ಏರುವ ದಿಕ್ಕಿನಲ್ಲಿ ಗಂಟೆಗೆ 200ಕ್ಕಿಂತ ಹೆಚ್ಚು ವಾಹನ, ಅದರಲ್ಲಿ ಲಾರಿಗಳು 20ಕ್ಕಿಂತ ಹೆಚ್ಚು. ಇವುಗಳ ಜೊತೆಗೆ, ಭಾರದ ಲಾರಿಯ ವೇಗ ಗಂಟೆಗೆ 15 ಕಿ.ಮೀ. ಅಥವಾ ಹೆಚ್ಚು ಬೀಳಬೇಕು, ಇಲ್ಲವೇ ಸಂಚಾರದ ಗುಣಮಟ್ಟ ತೀರಾ ಕುಸಿದಿರಬೇಕು. ಕೊನೆಯದನ್ನು ಎಂಜಿನಿಯರುಗಳೇ ಲೆಕ್ಕ ಹಾಕಲಿ. ಮೊದಲ ಮೂರನ್ನು ನೀವೇ ತೋರಿಸಬಹುದು. ಘಾಟಿಗಳಲ್ಲಿ ಈ ಸಂಖ್ಯೆ ಮುಟ್ಟುವುದು ಕಷ್ಟವಲ್ಲ, ಆದ್ದರಿಂದಲೇ ಮೇಲಿನ ಲಕ್ಷಣಗಳನ್ನು ಮೊದಲು ತಳ್ಳಿಹಾಕಿ ಎಂದು ಹೇಳಿದ್ದು.

ಏರಿನುದ್ದಕ್ಕೂ ಲೇನ್ ಬೇಕೆಂದಿಲ್ಲ ಎನ್ನುವುದೂ ನೆನಪಿರಲಿ. ಬುಡದಲ್ಲಿ ಲಾರಿ ಇನ್ನೂ ವೇಗದಲ್ಲಿರುತ್ತದೆ. ವೇಗ ಬೀಳಲು ಶುರುವಾಗುವ ಕಲ್ಲಿನಿಂದ ಲೇನ್ ಶುರುವಾದರೆ ಸಾಕು. ಜಾಗ ಸಿಗದ ಕಡೆ ಮಧ್ಯೆ ಮಧ್ಯೆ ಓವರ್‌ಟೇಕ್‌ಗೆ ಚಿಕ್ಕ ಚಿಕ್ಕ ತುಣುಕು ಕೊಡುವುದೂ ಒಂದು ದಾರಿ. ಕಡಿಯುವ ಗುಡ್ಡ ಕಡಿಮೆಯಾದಷ್ಟೂ ಒಳ್ಳೆಯದು.

ಲಕ್ಷಣ: ಏರು ಲೇನ್ ಹಾಕಿದ್ದಾರೆ, ಈಗ ನೆತ್ತಿಯಲ್ಲಿ ಜಾಮ್ ಮತ್ತು ಅಪಘಾತ

ಲೇನನ್ನು ಬೇಗ ಮುಗಿಸಿದ್ದಾರೆ. ಹಣ ಉಳಿಸಲು ನೆತ್ತಿಗೆ ಮೊದಲೇ ಅಥವಾ ನೆತ್ತಿಯ ಮೇಲೆಯೇ ಲೇನ್ ಕೊನೆಗೊಳಿಸಿದರೆ ಲಾರಿ ತನ್ನ ಅತಿ ಕಡಿಮೆ ವೇಗದಲ್ಲಿರುವಾಗ ಕಾರುಗಳ ನಡುವೆ ನುಗ್ಗಬೇಕಾಗುತ್ತದೆ. ಆಚೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಕೆಳಗಿದ್ದ ಸಾಲನ್ನು ಮೇಲಕ್ಕೆ ಸಾಗಿಸಿದ್ದಲ್ಲದೆ, ಇನ್ನೊಂದು ಅಪಾಯ ಹುಟ್ಟಿಸಿದಂತಾಯಿತು.

ಪರೀಕ್ಷೆ: ಲೇನ್ ಮುಗಿಯುವ ಜಾಗದಲ್ಲಿ ಅದೇ 200 ಮೀಟರ್ ಕಲ್ಲಿನ ಲೆಕ್ಕ ಮಾಡಿ. ಲಾರಿಯ ವೇಗಕ್ಕೂ ಕಾರಿನ ವೇಗಕ್ಕೂ ಗಂಟೆಗೆ 15 ಕಿ.ಮೀ.ಗಿಂತ ಹೆಚ್ಚು ಅಂತರ ಉಳಿದಿದ್ದರೆ ಲೇನ್ ಇನ್ನೂ ಮುಂದಕ್ಕೆ, ನೆತ್ತಿಯ ಆಚೆಗೆ ಹೋಗಬೇಕು. ಹೊಸ ಲೇನ್ ಕೇಳುವವರು ಬೇಡಿಕೆಯಲ್ಲೇ ಈ ಮಾತು ಬರೆಸಿ: ಎಲ್ಲಿ ಶುರು ಎನ್ನುವುದಕ್ಕಿಂತ ಎಲ್ಲಿ ಮುಗಿಯುತ್ತದೆ ಎನ್ನುವುದು ದೊಡ್ಡದು.

ಅಷ್ಟರವರೆಗೆ ತಾತ್ಕಾಲಿಕವಾಗಿ, ಲೇನ್ ಮುಗಿಯುವ ಸಾಕಷ್ಟು ಮೊದಲೇ ಎರಡು ಮೂರು ಎಚ್ಚರಿಕೆ ಫಲಕ, ಉದ್ದವಾಗಿ ಓರೆಯಾಗಿ ಕಿರಿದಾಗುವ ಬಿಳಿ ಪಟ್ಟಿ, ರಸ್ತೆಗೆ ಕೂರಿಸುವ, ರಾತ್ರಿ ಹೊಳೆಯುವ ಗುಬ್ಬಿಗಳು (ರೋಡ್ ಸ್ಟಡ್).

ಇಲ್ಲಿಗೆ ನಿಲ್ಲಿಸಿ, ತಜ್ಞರನ್ನು ಕರೆಯಿರಿ

ಮೇಲಿನ ಅಳತೆಗಳೆಲ್ಲ ಊರವರು, ಪಂಚಾಯಿತಿಯವರು, ಕಿರಿಯ ಎಂಜಿನಿಯರುಗಳು ಮಾಡಬಹುದಾದವು. ಗುಡ್ಡದ ವಿಷಯ ಬಂದಾಗ ಕೈ ಬಿಡಬೇಕು. ಲೇನ್‌ಗೆ 3.5 ಮೀಟರ್ ಅಗಲ ಎಂದರೆ ಕೇಳಲು ಚಿಕ್ಕದು. ಕಡಿದಾದ ಇಳಿಜಾರಿನ ಬುಡದಲ್ಲಿ ಅಷ್ಟು ಅಗಲ ತೆಗೆಯಲು ಮೇಲೆ ಹತ್ತಾರು ಮೀಟರ್ ಎತ್ತರದವರೆಗೆ ಮಣ್ಣು ಕಡಿಯಬೇಕಾಗುತ್ತದೆ. 2024ರ ಜುಲೈನಲ್ಲಿ ಸಕಲೇಶಪುರ–ಮಾರನಹಳ್ಳಿ ನಡುವೆ ದೊಡ್ಡತಪ್ಪಲು ಬಳಿ ಗುಡ್ಡ ಮತ್ತೆ ಮತ್ತೆ ಕುಸಿದು ಹೆದ್ದಾರಿ 75 ಮುಚ್ಚಿತು. ಅದೇ ತಿಂಗಳು 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು ಜನ ಸತ್ತರು.

ಹೀಗಾಗಿ ಈ ಗುರುತುಗಳಲ್ಲಿ ಒಂದು ಕಂಡರೂ ಲೇನ್‌ನ ಮಾತು ಬದಿಗಿಟ್ಟು ಭೂವಿಜ್ಞಾನಿಗಳ ಪರಿಶೀಲನೆ ಕೇಳಿ: ಕಡಿದ ಗುಡ್ಡದ ನೆತ್ತಿಯಲ್ಲಿ ಬಿರುಕು, ಒಂದೇ ಕಡೆಗೆ ವಾಲಿದ ಮರ ಅಥವಾ ವಿದ್ಯುತ್ ಕಂಬಗಳ ಸಾಲು, ತಡೆಗೋಡೆಯ ಹೊಟ್ಟೆ ಉಬ್ಬಿರುವುದು, ಗೋಡೆಯ ನೀರುಗಂಡಿಗಳು ಮುಚ್ಚಿರುವುದು, ಒರತೆಯ ನೀರು ಇದ್ದಕ್ಕಿದ್ದಂತೆ ಕೆಸರಾಗಿ ಬರುವುದು, ಕಣಿವೆ ಬದಿಯ ರಸ್ತೆ ಅಂಚಿನಲ್ಲಿ ಉದ್ದನೆಯ ಸೀಳು. ಈ ಪಟ್ಟಿಯ ಕೊನೆಯ ಎರಡು ಗುರುತುಗಳು ಮಳೆಯ ದಿನ ಕಂಡರೆ ಫೋಟೊ ತೆಗೆಯುತ್ತಾ ನಿಲ್ಲಬೇಡಿ. ಅಲ್ಲಿಂದ ಹೊರಟು, ಸುರಕ್ಷಿತ ಜಾಗದಿಂದ 112ಕ್ಕೆ ಕರೆ ಮಾಡಿ, ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ, ಎರಡೂ ಕಡೆಯಿಂದ ಬರುವವರನ್ನು ತಡೆಯಲು ಕೇಳಿಕೊಳ್ಳಿ.

ಗುಡ್ಡ ಗಟ್ಟಿಯಿದೆ ಎಂದು ವರದಿ ಬಂದ ಮೇಲೂ ಮೀಸಲು ಅರಣ್ಯದ ಜಾಗವಾದರೆ ಅರಣ್ಯ ಅನುಮತಿ ಬೇಕು, ಆನೆ ದಾಟುವ ಜಾಗವಾದರೆ ಅದರ ವ್ಯವಸ್ಥೆ ನಕ್ಷೆಯಲ್ಲೇ ಇರಬೇಕು. ಅರ್ಜಿ ಕೊಡುವಾಗ ನಿಮ್ಮ ಎಣಿಕೆ, ಸೆಕೆಂಡುಗಳ ಪಟ್ಟಿ, ಏರಿನ ಅಳತೆ, ಗಾಡಿ ಕೆಟ್ಟು ನಿಂತ ಸ್ಥಳಗಳ ಪಟ್ಟಿ ನಾಲ್ಕನ್ನೂ ಲಗತ್ತಿಸಿ. ಯಾವ ಕಲ್ಲಿನಿಂದ ಯಾವ ಕಲ್ಲಿನವರೆಗೆ ಲೇನ್ ಬೇಕೆಂದು ಸ್ಪಷ್ಟವಾಗಿ ಬರೆಯಿರಿ.